ಮೂವತ್ತಾರು ವರ್ಷಗಳ ಅಧ್ಯಕ್ಷರು: ಸರ್ ಸಿ. ವಿ. ರಾಮನ್

ಮಳೆಗಾಲದಲ್ಲಿ ಶಾಲೆ ತೆರೆದು ತಿಂಗಳೊಂದು ಕಳೆಯುವಷ್ಟರಲ್ಲಿ ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ವಿಜ್ಞಾನ ಸಂಘವೊಂದನ್ನು ಕಟ್ಟುವುದುಂಟು. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧ್ಯಕ್ಷ ಎಂದು ಚುನಾವಣೆ ನಡೆಯುತ್ತದೆ. ಹೊಸ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಹೆಸರುಗಳು ಅಂದವಾದ ಅಕ್ಷರಗಳಲ್ಲಿ ಮೂಡುತ್ತವೆ. ಮೊದಲನೆಯ ಸಭೆಗೆ ಕೊಠಡಿ ಸಾಲದು. ಎರಡನೆಯ ಸಭೆಗೆ ಅರ್ಧದಷ್ಟು ಜನ ಬರುತ್ತಾರೆ. ದೀಪಾವಳಿಯ ರಜೆ ಮುಗಿಯುವ ವೇಳೆಗೆ ನಡಾವಳಿ ಪುಸ್ತಕ ಎಲ್ಲಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಠಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಕಲ್ಯಾಣದಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ, ಸಂಘಗಳನ್ನು ಬಲ್ಲ ಹಿರಿಯರು ಈ ಮಾತನ್ನು ಕೇಳಿ ಮುಗುಳುನಗುವರು. ಏಕೆಂದರೆ ದೊಡ್ಡವರ ಸಂಘಗಳ ಕಥೆಯೂ ಅನೇಕ ವೇಳೆ ಇದೇ ಆಗಿರುತ್ತದೆ.

ಸಂಘವನ್ನು ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ಈ ಕಷ್ಟವನ್ನು ಮೂವತ್ತಾರು ವರ್ಷಗಳ ಕಾಲ ಹೊತ್ತ ಮಹನೀಯರೊಬ್ಬರ ಜೀವನವನ್ನು ಈ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಅವರೇ ಸರ್ ಚಂದ್ರಶೇಖರ ವೇಂಕಟರಾಮನ್. ಫೆಬ್ರವರಿ ೨೮ರಂದು ನಾವು ಆಚರಿಸುವ ರಾಷ್ಟ್ರೀಯ ವಿಜ್ಞಾನ ದಿನವು ಅವರ ಶೋಧದ ನೆನಪಿನದು ಎಂಬುದನ್ನು ಎಲ್ಲರೂ ಬಲ್ಲರು. ಬೆಳಕಿನ ರಹಸ್ಯವನ್ನು ಕಂಡ ರಾಮನ್ನರ ವಿಷಯವಾಗಿ ಪಠ್ಯಪುಸ್ತಕಗಳು ಸಾಕಷ್ಟು ಹೇಳುತ್ತವೆ. ಆದರೆ ಸಭೆ ಕರೆದ ರಾಮನ್, ಪತ್ರಿಕೆಯನ್ನು ಅಚ್ಚಿಗೆ ಕಳುಹಿಸಿದ ರಾಮನ್, ಅಧಿಕಾರವನ್ನು ಕಳೆದುಕೊಂಡ ರಾಮನ್ ನಮಗೆ ಅಷ್ಟಾಗಿ ಪರಿಚಿತರಲ್ಲ. ಇಲ್ಲಿ ನಾವು ಹೇಳಹೊರಟಿರುವುದು ಆ ಕಥೆಯನ್ನು.

ರಾಮನ್ನರು ೧೮೮೮ನೆಯ ಇಸವಿ ನವೆಂಬರ್ ೭ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರು ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸವಾದುದರಿಂದ ಬಾಲಕನ ವಿದ್ಯಾಭ್ಯಾಸವು ಆ ಕಡಲತೀರದ ಊರಿನಲ್ಲಿ ನಡೆಯಿತು. ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೯೦೭ರಲ್ಲಿ ಎಂ. ಎ. ಪದವಿಯನ್ನು ಪಡೆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೯೦೬ರಲ್ಲಿ, ಅವರ ಮೊದಲ ಸಂಶೋಧನ ಲೇಖನವು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಭಾರತೀಯ ತರುಣನಿಗೆ ಇರಲಿಲ್ಲವೆಂದೇ ಹೇಳಬೇಕು. ರಾಮನ್ನರು ಸರಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆ ಹೊಂದಿ, ಹತ್ತೊಂಬತ್ತು ತುಂಬುವ ಮೊದಲೇ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಜತೆಯಲ್ಲಿ ಹೊಸದಾಗಿ ಕೈಹಿಡಿದ ಪತ್ನಿ ಲೋಕಸುಂದರಿ ಇದ್ದರು.

ನಮ್ಮ ಹುಡುಗರು ಲೋಕಲ್ ಗಾಡಿಯ ಕಿಟಕಿಯಿಂದ ಹೊರಗೆ ನೋಡುವಂತೆ, ಆ ತರುಣ ಅಧಿಕಾರಿಯೂ ಕಚೇರಿಯಿಂದ ಮನೆಗೆ ಹೋಗುವ ಟ್ರಾಮ್ ಗಾಡಿಯಲ್ಲಿ ಕುಳಿತು ಬೀದಿಯನ್ನು ನೋಡುತ್ತಿದ್ದರು. ಒಂದು ಸಂಜೆ ಬೌಬಜಾರ್ ಬೀದಿಯ ೨೧೦ನೆಯ ನಂಬರಿನ ಕಟ್ಟಡದ ಮೇಲೆ ವಿಜ್ಞಾನದ ಹೆಸರುಳ್ಳ ಫಲಕವೊಂದು ಅವರ ಕಣ್ಣಿಗೆ ಬಿದ್ದಿತು. ಅದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಘದ ಫಲಕ. ಅವರು ಕೂಡಲೆ ಟ್ರಾಮಿನಿಂದಿಳಿದು ಬಾಗಿಲು ತಟ್ಟಿದರು. ಅಶುತೋಷ ಡೇ ಎಂಬ ಸಹಾಯಕರು ಬಾಗಿಲು ತೆರೆದು ಒಳಗೆ ಕರೆದುಕೊಂಡರು. ಸಂಘದ ಗೌರವ ಕಾರ್ಯದರ್ಶಿಗಳಾದ ಅಮೃತಲಾಲ ಸರ್ಕಾರರು ಆ ತರುಣನನ್ನು ಸಂತೋಷದಿಂದ ಬರಮಾಡಿಕೊಂಡರು.

ಆ ಸಂಘದ ಹಿಂದಿನ ಕಥೆಯನ್ನೂ ಇಲ್ಲಿ ತಿಳಿಯಬೇಕು. ಅದನ್ನು ಸ್ಥಾಪಿಸಿದವರು ಅಮೃತಲಾಲರ ತಂದೆ, ವೈದ್ಯರಾದ ಮಹೇಂದ್ರಲಾಲ ಸರ್ಕಾರರು. ಭಾರತೀಯರು ತಾವೇ ಹಣ ಕೂಡಿಸಿ, ತಾವೇ ನಡೆಸುವ ವಿಜ್ಞಾನಮಂದಿರವೊಂದು ಬೇಕೆಂದು ಅವರು ಮನೆಮನೆಯ ವಂತಿಗೆಯಿಂದ ೧೮೭೬ರಲ್ಲಿ ಅದನ್ನು ಕಟ್ಟಿದರು. ಕಟ್ಟಡವೇನೋ ಎದ್ದಿತು, ಉಪನ್ಯಾಸಗಳೂ ನಡೆದುವು. ಆದರೆ ಪ್ರಯೋಗಶಾಲೆಯಲ್ಲಿ ಬಾಳನ್ನೇ ಸವೆಸುವ ಸಂಶೋಧಕರು ಮಾತ್ರ ಬರಲಿಲ್ಲ. ಆ ಕೊರಗನ್ನು ಇಟ್ಟುಕೊಂಡೇ ಮಹೇಂದ್ರಲಾಲರು ೧೯೦೪ರಲ್ಲಿ ತೀರಿಕೊಂಡರು. ಅವರು ಯಾರಿಗಾಗಿ ಕಾದಿದ್ದರೋ ಆ ವ್ಯಕ್ತಿ ಮೂರು ವರ್ಷ ತಡವಾಗಿ ಟ್ರಾಮಿನಿಂದ ಇಳಿದು ಬಂದರು. ಒಬ್ಬರು ದೀಪವನ್ನು ಹಚ್ಚಿಟ್ಟು ಹೋದರು, ಇನ್ನೊಬ್ಬರು ಅದರ ಬೆಳಕಿನಲ್ಲಿ ದಾರಿ ಕಂಡರು. ಸಂಘಗಳ ಪ್ರಯೋಜನವೇ ಇದು: ಸ್ಥಾಪಕನು ಕಾಣದ ಫಲವನ್ನು ಅವು ಮುಂದಿನವನಿಗಾಗಿ ಕಾದಿರಿಸುತ್ತವೆ.

ಮುಂದಿನ ಹತ್ತು ವರ್ಷ ರಾಮನ್ನರು ಹಗಲು ಲೆಕ್ಕಪತ್ರಗಳ ಅಧಿಕಾರಿ, ಬೆಳಗ್ಗೆ ಮತ್ತು ರಾತ್ರಿ ಸಂಶೋಧಕ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದರೂ ೧೯೧೧ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು. ವೀಣೆ, ಪಿಟೀಲು, ಮೃದಂಗಗಳ ನಾದವನ್ನು ಕುರಿತು ಅವರು ನಡೆಸಿದ ಶೋಧನೆಗಳು ಆ ಕಟ್ಟಡದಲ್ಲಿಯೇ ಬೆಳೆದುವು. ೧೯೧೭ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಕೊಡಲು ಮುಂದೆ ಬಂದಾಗ, ಹೆಚ್ಚಿನ ಸಂಬಳದ ಸರಕಾರಿ ಹುದ್ದೆಯನ್ನು ಬಿಟ್ಟು ಕಡಮೆ ಸಂಬಳದ ಅಧ್ಯಾಪಕ ವೃತ್ತಿಯನ್ನು ಒಪ್ಪಿಕೊಂಡರು. ೧೯೧೯ರಲ್ಲಿ ಅಮೃತಲಾಲರು ಕಾಲವಾದರು. ಸಂಘದ ಗೌರವ ಕಾರ್ಯದರ್ಶಿಯ ಹೊಣೆ ರಾಮನ್ನರ ಹೆಗಲಿಗೆ ಬಂದಿತು.

ಕಾರ್ಯದರ್ಶಿ ಎಂದರೆ ಬರಿಯ ಹೆಸರಲ್ಲ. ಸಭೆಯ ಕರೆ ಕಳುಹಿಸುವುದು, ನಡಾವಳಿ ಬರೆಯುವುದು, ಹಣದ ಲೆಕ್ಕವನ್ನು ಸದಸ್ಯರ ಮುಂದಿಡುವುದು, ಉಪಕರಣಗಳನ್ನು ತರಿಸುವುದು, ಸಂಶೋಧನೆಯ ಫಲವನ್ನು ಅಚ್ಚು ಮಾಡಿಸಿ ಹೊರಲೋಕಕ್ಕೆ ತಿಳಿಸುವುದು, ಇವೆಲ್ಲವೂ ಆ ಕೆಲಸದೊಳಗೆ ಸೇರಿವೆ. ಹಣಕಾಸು ಇಲಾಖೆಯಲ್ಲಿ ಪಳಗಿದ ಕೈ ಇಲ್ಲಿ ಬಹಳ ಉಪಯೋಗಕ್ಕೆ ಬಂದಿತು. ಇವುಗಳಲ್ಲಿ ಕೊನೆಯದಾದ ಅಚ್ಚಿನ ಕೆಲಸವನ್ನು ರಾಮನ್ನರು ಎಲ್ಲಕ್ಕಿಂತ ಮೇಲೆಂದು ಭಾವಿಸಿದ್ದರು. ೧೯೨೬ರಲ್ಲಿ ಅವರು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಅದರಿಂದ ಎಷ್ಟು ಉಪಕಾರವಾಯಿತೆಂಬುದು ಎರಡೇ ವರ್ಷಗಳಲ್ಲಿ ಜಗತ್ತಿಗೆ ತಿಳಿಯಿತು.

ಒಂದೇ ಬಣ್ಣದ ಬೆಳಕನ್ನು ದ್ರವವೊಂದರ ಮೂಲಕ ಹಾಯಿಸಿದರೆ ಅದರ ಒಂದಿಷ್ಟು ಭಾಗ ಸುತ್ತಲೂ ಚದರುತ್ತದೆ. ಚದರಿದ ಬೆಳಕಿನಲ್ಲಿ ಬಹುಪಾಲು ಮೊದಲಿನ ಬಣ್ಣದ್ದೇ ಆಗಿದ್ದರೂ, ಅತ್ಯಲ್ಪವಾದ ಒಂದಂಶವು ಅಣುಗಳೊಡನೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು ಬಣ್ಣವನ್ನು ಬದಲಿಸಿಕೊಂಡಿರುತ್ತದೆ. ರಾಮನ್ನರೂ ಅವರ ಸಹೋದ್ಯೋಗಿ ಕೆ. ಎಸ್. ಕೃಷ್ಣನ್ನರೂ ೧೯೨೮ರ ಫೆಬ್ರವರಿಯಲ್ಲಿ ಕಂಡುದು ಇದನ್ನೇ. ಮಾರ್ಚ್ ೧೬ರಂದು ರಾಮನ್ನರು ಬೆಂಗಳೂರಿಗೆ ಬಂದು, ದಕ್ಷಿಣ ಭಾರತದ ವಿಜ್ಞಾನ ಸಂಘವೊಂದರ ಪ್ರಾರಂಭೋತ್ಸವದಲ್ಲಿ ಈ ಶೋಧವನ್ನು ವಿವರಿಸಿದರು. ಪ್ರಾಂತದ ಒಂದು ಎಳೆಯ ಸಂಘ, ಅದರ ಮೊದಲ ಸಭೆ. ಆ ಸಭೆಯಲ್ಲಿ ಕುಳಿತವರಿಗೆ ಮುಂದೆ ನೊಬೆಲ್ ಪಾರಿತೋಷಕ ಬರಲಿದ್ದ ಶೋಧವನ್ನು ಕೇಳುವ ಭಾಗ್ಯ! ಆ ಭಾಷಣವು ಮಾರ್ಚ್ ೩೧ರ ವೇಳೆಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸಿನಲ್ಲಿ ಅಚ್ಚಾಯಿತು. ಅದರ ಪ್ರತಿಗಳು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದುವು. ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿಯೂ ಚಿಕ್ಕ ಬರಹವೊಂದು ಬಂದಿತು. ಅದೇ ಸಮಯದಲ್ಲಿ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಸ್ಫಟಿಕಗಳಲ್ಲಿ ಇದೇ ವಿಷಯವನ್ನು ತಾವಾಗಿಯೇ ಕಂಡಿದ್ದರು. ಅವರ ಲೇಖನವು ಬೆಳಕು ಕಂಡುದು ಜುಲೈ ತಿಂಗಳಿನಲ್ಲಿ. ಕಂಡುದನ್ನು ತಡಮಾಡದೆ ಹೇಳಲು ಕೈಯಲ್ಲೊಂದು ಪತ್ರಿಕೆ ಇರುವುದು ಎಂತಹ ಬಲವೆಂಬುದು ಇದರಿಂದ ತಿಳಿಯುವುದು. ೧೯೩೦ರಲ್ಲಿ ರಾಮನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರಿಯ ಜಯದ ಕಥೆಯಾಗುತ್ತಿತ್ತು. ಆದರೆ ೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಟಾಟಾ ಸಂಸ್ಥೆಯೆಂದು ಊರಿನವರು ಕರೆಯುವ ವಿದ್ಯಾಮಂದಿರಕ್ಕೆ, ಮೊದಲ ಭಾರತೀಯ ನಿರ್ದೇಶಕರಾಗಿ ಹೋದ ಮೇಲೆ ಕಷ್ಟದ ದಿನಗಳು ಬಂದುವು. ದೂರದಿಂದಲೂ ಕಲ್ಕತ್ತೆಯ ಸಂಘದ ಹಿಡಿತವನ್ನು ಉಳಿಸಿಕೊಳ್ಳಬೇಕೆಂದು ಅವರಿಗಿತ್ತು. ಆಡಳಿತದ ವಿಷಯವಾಗಿ ಸದಸ್ಯರಲ್ಲಿ ಒಡಕು ಹುಟ್ಟಿತು. ೧೯೩೪ರಲ್ಲಿ ನಡೆದ ಸರ್ವಸದಸ್ಯರ ಸಭೆಯಲ್ಲಿ ಬಹುಮತವು ಅವರ ವಿರುದ್ಧವಾಯಿತು. ಇಪ್ಪತ್ತೇಳು ವರ್ಷಗಳ ಹಿಂದೆ ಟ್ರಾಮಿನಿಂದಿಳಿದು ಬಾಗಿಲು ತಟ್ಟಿದ್ದ ಆ ಕಟ್ಟಡದ ಆಡಳಿತವು ಅವರ ಕೈಬಿಟ್ಟುಹೋಯಿತು. ಎಷ್ಟು ದೊಡ್ಡ ಕೀರ್ತಿಯಿದ್ದರೂ ಸಭೆಯಲ್ಲಿ ಅಧ್ಯಕ್ಷನದೂ ಒಂದೇ ಮತ. ಜತೆಗಾರರ ಮನಸ್ಸನ್ನು ಗೆಲ್ಲದವನು ಎಣಿಕೆಯಲ್ಲಿ ಸೋಲುವನು. ನೊಬೆಲ್ ಪಾರಿತೋಷಕವೂ ಅಲ್ಲಿ ನೆರವಿಗೆ ಬರಲಾರದು.

ಅದೇ ವರ್ಷದ ಆರಂಭದಲ್ಲಿ, ೧೯೩೪ರ ಜನವರಿಯಲ್ಲಿ, ನಮ್ಮ ಮುಂಬಯಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು. ಖಗೋಳ ಭೌತವಿಜ್ಞಾನದಲ್ಲಿ ಹೆಸರಾಂತ ಮೇಘನಾದ ಸಾಹಾ ಅವರು ಅದರ ಅಧ್ಯಕ್ಷರು. ಇಡೀ ದೇಶಕ್ಕೆ ಒಂದು ವಿಜ್ಞಾನ ಅಕಾಡೆಮಿ ಬೇಕೆಂಬ ವಿಚಾರವು ಅಲ್ಲಿ ಮುಂದೆ ಬಂದು, ಅದಕ್ಕಾಗಿ ಸಮಿತಿಯೊಂದು ಏರ್ಪಟ್ಟಿತು. ಅಕಾಡೆಮಿಯೆಂದರೆ ಆಯ್ದ ವಿಜ್ಞಾನಿಗಳ ಸಂಘ. ಒಳ್ಳೆಯ ಕೆಲಸ ಮಾಡಿದವರನ್ನು ಅದು ಫೆಲೋ, ಎಂದರೆ ಗೌರವದ ಸದಸ್ಯರನ್ನಾಗಿ ಚುನಾಯಿಸಿ, ಅವರ ಲೇಖನಗಳನ್ನು ಪರಿಶೀಲಿಸಿ ಪ್ರಕಟಿಸುತ್ತದೆ. ಸಾಹಾ ಅವರೇ ಇದಕ್ಕೆ ಮೊದಲು, ೧೯೩೦ರಲ್ಲಿ, ಅಲಹಾಬಾದಿನಲ್ಲಿ ಆ ಪ್ರಾಂತಕ್ಕಾಗಿ ಅಕಾಡೆಮಿಯನ್ನು ತೆರೆದಿದ್ದರು. ಈಗ ಎಲ್ಲರೂ ಒಂದಾಗುವ ಸಮಯ ಬಂದಿತೆಂದು ತೋರುತ್ತಿತ್ತು. ಆದರೆ ಎಲ್ಲಿ ಸ್ಥಾಪಿಸುವುದು, ಯಾರು ನಡೆಸುವುದು ಎಂಬಲ್ಲಿ ಅಭಿಪ್ರಾಯಗಳು ಕೂಡಲಿಲ್ಲ. ರಾಮನ್ನರು ಸಮಿತಿಯಿಂದ ಹೊರಬಂದು, ಬೆಂಗಳೂರಿನಲ್ಲಿ ತಾವೇ ಅಕಾಡೆಮಿಯನ್ನು ಸ್ಥಾಪಿಸಿದರು. ಇತರರು ೧೯೩೫ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಇನ್ನೊಂದನ್ನು ಪ್ರಾರಂಭಿಸಿದರು. ಅದು ಮುಂದೆ ದೆಹಲಿಗೆ ಹೋಯಿತು. ಒಂದಾಗಬೇಕಾಗಿದ್ದುದು ಮೂರಾಯಿತು. ಆ ಮೂರೂ ಇಂದಿಗೂ ನಡೆಯುತ್ತಿವೆ.

ಭಾರತೀಯ ವಿಜ್ಞಾನ ಅಕಾಡೆಮಿಯು ೧೯೩೪ರ ಏಪ್ರಿಲ್‌ನಲ್ಲಿ ನೋಂದಣಿಯಾಗಿ, ಜುಲೈ ೩೧ರಂದು ಉದ್ಘಾಟನೆಗೊಂಡಿತು. ಸ್ಥಾಪಕ ಫೆಲೋಗಳು ೬೫ ಮಂದಿ. ಆ ದಿನವೇ ಅವರು ಸಭೆ ಸೇರಿ ನಿಯಮಾವಳಿಯನ್ನು ಒಪ್ಪಿ, ರಾಮನ್ನರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅಧ್ಯಕ್ಷರ ಸುತ್ತ ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧ್ಯಕ್ಷರು, ಇತರ ಸದಸ್ಯರು ಸೇರಿದ ಆಡಳಿತ ಮಂಡಲಿ. ಹೊಸ ಫೆಲೋಗಳ ಹೆಸರನ್ನು ಹಳೆಯ ಫೆಲೋಗಳು ಸೂಚಿಸಬೇಕು, ಮಂಡಲಿಯು ಪರಿಶೀಲಿಸಬೇಕು, ಕೊನೆಗೆ ಎಲ್ಲರ ಮತ ಬೀಳಬೇಕು. ನೋಡುವುದಕ್ಕೆ ಇದು ಒಣ ವ್ಯವಸ್ಥೆ. ಆದರೆ ಯಾರೊಬ್ಬರ ಮುಖದಾಕ್ಷಿಣ್ಯಕ್ಕೂ ಸಿಕ್ಕದೆ ಯೋಗ್ಯತೆಯನ್ನು ಅಳೆಯುವ ತಕ್ಕಡಿ ಬೇಕಾದರೆ ಇಂತಹ ಒಣ ನಿಯಮಗಳೇ ಬೇಕು.

ಉದ್ಘಾಟನೆಯಾದ ಜುಲೈ ತಿಂಗಳಿನಲ್ಲೇ ಅಕಾಡೆಮಿಯ ಪತ್ರಿಕೆಯಾದ ಪ್ರೊಸೀಡಿಂಗ್ಸಿನ ಮೊದಲ ಸಂಚಿಕೆ ಹೊರಬಂದಿತು. ಕಲ್ಕತ್ತೆಯ ಪಾಠವನ್ನು ರಾಮನ್ನರು ಮರೆತಿರಲಿಲ್ಲ. ಮರುವರ್ಷ ಪತ್ರಿಕೆಯನ್ನು ಎರಡು ಭಾಗ ಮಾಡಿ, ಭೌತ ಮತ್ತು ಗಣಿತ ವಿಜ್ಞಾನಗಳಿಗೆ ಒಂದನ್ನು, ಜೀವವಿಜ್ಞಾನಗಳಿಗೆ ಇನ್ನೊಂದನ್ನು ಮೀಸಲಿಟ್ಟರು. ತಿಂಗಳು ತಿಂಗಳೂ ಸಂಚಿಕೆ ಬರಬೇಕು. ಅದೇ ಅವರ ವ್ರತ. ಶಬ್ದತರಂಗಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ಬಾಗುವುದೆಂಬುದನ್ನು ಅವರೂ ನಾಗೇಂದ್ರನಾಥರೂ ವಿವರಿಸಿದ ಪ್ರಸಿದ್ಧ ಲೇಖನಗಳು ಪರದೇಶದ ಪತ್ರಿಕೆಗೆ ಹೋಗದೆ ಇದರಲ್ಲಿಯೇ ಬಂದುವು. ಅಧ್ಯಕ್ಷನು ತನ್ನ ಒಳ್ಳೆಯ ಬೆಳೆಯನ್ನು ತನ್ನ ಸಂಘದ ಕಣಜಕ್ಕೇ ತುಂಬಿದರೆ ಉಳಿದವರೂ ತುಂಬುವರೆಂಬುದು ಅವರ ನಂಬಿಕೆ. ವರ್ಷಕ್ಕೊಮ್ಮೆ ಬೇರೆ ಬೇರೆ ಊರುಗಳಲ್ಲಿ ಅಕಾಡೆಮಿಯ ಅಧಿವೇಶನ ನಡೆಯುತ್ತಿತ್ತು. ರಾಮನ್ನರು ಅಧ್ಯಕ್ಷಪೀಠದಿಂದ ತಮ್ಮ ಹೊಸ ಶೋಧಗಳನ್ನು ಕುರಿತು ಉಪನ್ಯಾಸ ಮಾಡುತ್ತಿದ್ದರು. ಆ ಉಪನ್ಯಾಸಗಳನ್ನು ಕೇಳಲು ಊರಿಗೆ ಊರೇ ಬರುತ್ತಿತ್ತು.

ಇಷ್ಟೆಲ್ಲ ಸದ್ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮಹಾಪುರುಷರ ಜೀವನವನ್ನು ಓದುವುದು ಕೈಮುಗಿಯುವುದಕ್ಕಾಗಿ ಮಾತ್ರವಲ್ಲ, ಕಲಿಯುವುದಕ್ಕಾಗಿಯೂ ಅಹುದು. ಟಾಟಾ ಸಂಸ್ಥೆಯಲ್ಲಿ ರಾಮನ್ನರು ಭೌತವಿಜ್ಞಾನ ವಿಭಾಗವನ್ನು ಭರದಿಂದ ಕಟ್ಟಿದಾಗ ಇತರ ವಿಭಾಗಗಳವರಿಗೆ ಅಸಮಾಧಾನವಾಯಿತು. ಅವರು ಜತೆಯವರನ್ನು ಒಪ್ಪಿಸಿ ನಡೆಯುವ ತಾಳ್ಮೆಯುಳ್ಳವರಾಗಿರಲಿಲ್ಲ. ವಿಚಾರಣೆಯ ಸಮಿತಿ ಬಂದಿತು. ೧೯೩೭ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ ೧೯೪೮ರವರೆಗೆ ಅಲ್ಲಿಯೇ ಮುಂದುವರಿದರು.

ಇನ್ನೊಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರು ಅವಶ್ಯವಾಗಿ ತಿಳಿಯಬೇಕು. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ ಕಮಲಾ ಭಾಗವತರು ಟಾಟಾ ಸಂಸ್ಥೆಗೆ ಅರ್ಜಿ ಹಾಕಿದರು. ಯೋಗ್ಯತೆಯಲ್ಲಿ ಕೊರತೆಯೇನೂ ಇರಲಿಲ್ಲ. ಹೆಣ್ಣೆಂಬ ಒಂದೇ ಕಾರಣದಿಂದ ರಾಮನ್ನರು ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಅವರು ಹಿಂದಿರುಗಿ ಹೋಗಲಿಲ್ಲ. ಬೆಂಗಳೂರಿಗೆ ಬಂದು ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಕೆಲಸಮಾಡಬೇಕೆಂಬ ಕರಾರಿನ ಮೇಲೆ ಅವಕಾಶ ದೊರೆಯಿತು. ಆ ವರ್ಷ ಮುಗಿಯುವಾಗ ಅವರ ಶ್ರದ್ಧೆಯನ್ನು ಕಂಡು ರಾಮನ್ನರು ಮನಸ್ಸನ್ನು ಬದಲಿಸಿಕೊಂಡರು. ಮುಂದೆ ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಕಮಲಾ ಅವರು ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, ಮದುವೆಯಾದ ಮೇಲೆ ಕಮಲಾ ಸೋಹೊನಿ ಎಂದು ಪ್ರಖ್ಯಾತರಾಗಿ, ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು. ಇತ್ತ ಅಕಾಡೆಮಿಯಲ್ಲಿ ಫೆಲೋಗಳ ಮತದಿಂದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು ೧೯೩೫ರಲ್ಲಿಯೇ ಫೆಲೋ ಆಗಿ ಆರಿಸಿ ಬಂದರು. ಒಬ್ಬನೇ ಬಾಗಿಲಲ್ಲಿ ನಿಂತಾಗ ಒಬ್ಬನ ತಪ್ಪು ಎಲ್ಲರ ದಾರಿಯನ್ನೂ ಮುಚ್ಚಬಲ್ಲುದು. ಹಲವರು ಕೂಡಿ ನಿರ್ಣಯಿಸುವಲ್ಲಿ ಅಂತಹ ತಪ್ಪಿಗೆ ಎಡೆ ಕಡಮೆ. ಆಡಳಿತ ಮಂಡಲಿ ಏತಕ್ಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಸ್ವಂತ ಪತ್ರಿಕೆಯೂ ಎರಡಲಗಿನ ಕತ್ತಿ. ೧೯೪೦ರ ದಶಕದಲ್ಲಿ ಸ್ಫಟಿಕಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುವುವೆಂಬುದನ್ನು ಕುರಿತು ರಾಮನ್ನರಿಗೂ ಮ್ಯಾಕ್ಸ್ ಬಾರ್ನ್ ಎಂಬ ಮಹಾವಿಜ್ಞಾನಿಗೂ ದೀರ್ಘವಾದ ವಾದ ನಡೆಯಿತು. ರಾಮನ್ನರು ತಮ್ಮ ಮತವನ್ನು ಪ್ರೊಸೀಡಿಂಗ್ಸಿನಲ್ಲಿ ಮತ್ತೆ ಮತ್ತೆ ಮಂಡಿಸಿದರು. ಕಾಲಕ್ರಮದಲ್ಲಿ ವಿಜ್ಞಾನಲೋಕವು ಒಪ್ಪಿದುದು ಬಾರ್ನರ ಮತವನ್ನು. ಪತ್ರಿಕೆಯನ್ನು ನಡೆಸುವವನೇ ಲೇಖಕನೂ ಆದಾಗ, ಅವನ ಲೇಖನವನ್ನು ತಿದ್ದುವವರು ಯಾರು? ಈ ಪ್ರಶ್ನೆಯನ್ನು ಕೇಳುವ ಧೈರ್ಯವುಳ್ಳ ಒಬ್ಬನಾದರೂ ಪ್ರತಿ ಮಂಡಲಿಯಲ್ಲಿಯೂ ಇರಬೇಕೆಂದು ನಮಗೆ ತೋರುತ್ತದೆ.

ಆದರೂ ಆ ಪತ್ರಿಕೆಯ ಉಪಕಾರವು ಅದರ ದೋಷಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೆಂಗಳೂರಿನಲ್ಲಿ ರಾಮನ್ನರ ಬಳಿ ಕೆಲಸ ಮಾಡಿದ ತರುಣ ವಿಕ್ರಮ ಸಾರಾಭಾಯಿಯವರ ಮೊದಲ ಲೇಖನವು ೧೯೪೨ರಲ್ಲಿ ಪ್ರೊಸೀಡಿಂಗ್ಸಿನಲ್ಲಿ ಬಂದಿತು; ಅವರೇ ಮುಂದೆ ನಮ್ಮ ಅಂತರಿಕ್ಷ ಸಂಶೋಧನೆಗೆ ಅಡಿಗಲ್ಲು ಹಾಕಿದರು. ೧೯೫೬ರಲ್ಲಿ ಪಂಚರತ್ನಂ ಎಂಬ ಇಪ್ಪತ್ತೆರಡು ವರ್ಷದ ಹುಡುಗನು ಧ್ರುವೀಕೃತ ಬೆಳಕನ್ನು ಕುರಿತು ಬರೆದ ಲೇಖನವೂ ಅದರಲ್ಲಿಯೇ ಅಚ್ಚಾಯಿತು. ಆಗ ಹೊರಗಿನವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಪಂಚರತ್ನಂ ಅವರು ಮೂವತ್ತೈದನೆಯ ವಯಸ್ಸಿನಲ್ಲಿಯೇ ಕಾಲವಾದರು. ೧೯೮೦ರ ದಶಕದಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಎಂಬ ವಿಜ್ಞಾನಿಯು ಇಂತಹುದೇ ತತ್ತ್ವವನ್ನು ಕಂಡಾಗ, ಬೆಂಗಳೂರಿನ ಹಳೆಯ ಸಂಪುಟದಲ್ಲಿ ಅದರ ಮುನ್ಸೂಚನೆ ಇರುವುದು ತಿಳಿದುಬಂದಿತು. ಇಂದು ಪಂಚರತ್ನಂ ಹೆಸರನ್ನು ಜಗತ್ತೇ ಬಲ್ಲುದು. ಮೂವತ್ತು ವರ್ಷ ಆ ಬೀಜವನ್ನು ಕಾಪಾಡಿದುದು ಯಾವುದು? ತಿಂಗಳಿಗೊಮ್ಮೆ ತಪ್ಪದೆ ಅಚ್ಚಾಗಿ, ಗ್ರಂಥಾಲಯಗಳ ಕಪಾಟಿನಲ್ಲಿ ಸಾಲಾಗಿ ನಿಂತ ಒಂದು ಸಂಘದ ಪತ್ರಿಕೆ.

ಅಕಾಡೆಮಿಗೆ ನೆಲೆ ಬೇಕಾಗಿತ್ತು. ಮೈಸೂರು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೩೪ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನೆಲವನ್ನು ದಾನವಾಗಿ ಕೊಟ್ಟರು. ಅಲ್ಲಿ ಸಂಶೋಧನ ಮಂದಿರವನ್ನು ಕಟ್ಟಲು ರಾಮನ್ನರು ಊರೂರು ತಿರುಗಿ ವಂತಿಗೆ ಕೂಡಿಸಿದರು. ನಿವೃತ್ತರಾಗುವ ಹೊತ್ತಿಗೆ, ೧೯೪೮ರಲ್ಲಿ, ರಾಮನ್ ಸಂಶೋಧನ ಸಂಸ್ಥೆಯು ಸಿದ್ಧವಾಯಿತು. ಪ್ರಾರಂಭದ ದಿನಗಳಲ್ಲಿ ವಿದ್ಯುತ್ತು ಇರಲಿಲ್ಲ. ಕನ್ನಡಿಯಿಂದ ಸೂರ್ಯನ ಬಿಸಿಲನ್ನು ಕೋಣೆಯೊಳಕ್ಕೆ ತಿರುಗಿಸಿ ಬೆಳಕಿನ ಪ್ರಯೋಗಗಳನ್ನು ನಡೆಸಿದರು. ಸರಕಾರದ ಹಣಕ್ಕೆ ಕೈಚಾಚಿದರೆ ಸರಕಾರದ ಕಟ್ಟಳೆಗಳೂ ಬರುವುವೆಂದು ಅವರಿಗೆ ಅಂಜಿಕೆ. ಆದುದರಿಂದ ಕೃಷ್ಣಮೂರ್ತಿ ಎಂಬ ಶಿಷ್ಯರೊಡನೆ ೧೯೪೩ರಲ್ಲಿಯೇ ತೊಡಗಿದ್ದ ರಾಸಾಯನಿಕ ಉದ್ಯಮವು ಆದಾಯಕ್ಕೆ ಒಂದು ಊರೆಗೋಲಾಯಿತು. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಬಂದಾಗಲೂ ಅವರ ದಿನಚರಿ ಬದಲಾಗಲಿಲ್ಲ: ಗಿಡಗಳ ನಡುವೆ ಬೆಳಗಿನ ತಿರುಗಾಟ, ಪ್ರಯೋಗ, ಬರವಣಿಗೆ, ಪತ್ರಿಕೆ.

ಪ್ರತಿವರ್ಷ ಗಾಂಧೀ ಜಯಂತಿಯಂದು ರಾಮನ್ನರು ತಮ್ಮ ಸಂಸ್ಥೆಯಲ್ಲಿ ಸಾರ್ವಜನಿಕ ಉಪನ್ಯಾಸ ಮಾಡುತ್ತಿದ್ದರು. ೧೯೭೦ರ ಅಕ್ಟೋಬರ್ ೨ರಂದು, ಎಂಬತ್ತೆರಡರ ಹೊಸ್ತಿಲಲ್ಲಿ, ಕಿವಿಯು ಶಬ್ದವನ್ನು ಗ್ರಹಿಸುವ ಬಗೆಯನ್ನು ವಿವರಿಸಿದರು. ಅದೇ ಕೊನೆಯ ಉಪನ್ಯಾಸವಾಯಿತು. ಆ ತಿಂಗಳ ಕೊನೆಯಲ್ಲಿ ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ವೈದ್ಯರು ಆಸೆ ಬಿಟ್ಟರು. ಆಸ್ಪತ್ರೆಯಲ್ಲಿ ಸಾಯಲು ಅವರಿಗೆ ಇಷ್ಟವಿರಲಿಲ್ಲ. ತಾವು ನೆಟ್ಟ ಹೂಗಿಡಗಳ ನಡುವಿನ ಮನೆಗೆ ಮರಳಿದರು.

ಆ ಕೊನೆಯ ದಿನಗಳಲ್ಲಿ ನಡೆದುದನ್ನು ಹೇಳುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆದೆವೆಂದರೂ ಸರಿಯೆ. ಹಾಸಿಗೆಯಲ್ಲಿ ಮಲಗಿದ್ದ ರಾಮನ್ನರು ಸಂಸ್ಥೆಯ ಆಡಳಿತ ಮಂಡಲಿಯ ಸದಸ್ಯರನ್ನು ಬರಮಾಡಿಕೊಂಡು ಸಭೆ ನಡೆಸಿದರು. ಎದ್ದು ಕುಳಿತುಕೊಳ್ಳಲು ಶಕ್ತಿಯಿಲ್ಲ. ಆದರೂ ತಮ್ಮ ನಂತರ ಸಂಸ್ಥೆಯು ಹೇಗೆ ನಡೆಯಬೇಕೆಂಬುದನ್ನು ಅವರೊಡನೆ ವಿಚಾರ ಮಾಡಿದರು. ಶಿಷ್ಯರೊಬ್ಬರನ್ನು ಕರೆದು, ಅಕಾಡೆಮಿಯ ಪತ್ರಿಕೆಗಳು ನಿಂತುಹೋಗದಂತೆ ನೋಡಿಕೊಳ್ಳಬೇಕೆಂದು ತಿಳಿಸಿದರು. ದೇಶದಲ್ಲಿ ವಿಜ್ಞಾನವು ಬೇರೂರಿದೆಯೋ ಇಲ್ಲವೋ ಎಂಬುದು ಪತ್ರಿಕೆಗಳ ಗುಣದಿಂದಲೇ ತಿಳಿಯುವುದೆಂಬುದು ಅವರ ಅಭಿಪ್ರಾಯವಾಗಿತ್ತು. ಎಂದೂ ಅಧಿಕಾರವನ್ನು ಹಂಚಿಕೊಳ್ಳದ ಕೈ ಕೊನೆಗೆ ಅದನ್ನು ಇತರರ ಕೈಯಲ್ಲಿಟ್ಟಿತು. ನವೆಂಬರ್ ೨೧ರ ಬೆಳಗಿನಲ್ಲಿ ಅವರು ತೀರಿಕೊಂಡರು. ದೇಹವನ್ನು ಸಂಸ್ಥೆಯ ಅಂಗಳದಲ್ಲಿಯೇ ದಹಿಸಿದರು. ಅಲ್ಲಿ ಕಲ್ಲಿನ ಸ್ಮಾರಕವಿಲ್ಲ. ಒಂದು ಮರವನ್ನು ನೆಟ್ಟಿದ್ದಾರೆ.

ಮುಂದೇನಾಯಿತು? ಒಬ್ಬರೇ ಹೊತ್ತ ಭಾರ ಅವರೊಡನೆ ಬಿದ್ದುಹೋಗಬಹುದೆಂಬ ಭಯವಿತ್ತು. ಹಾಗಾಗಲಿಲ್ಲ. ಅಕಾಡೆಮಿಯು ೧೯೭೧ರಲ್ಲಿ ಸಂಶೋಧನ ಸಂಸ್ಥೆಗಾಗಿ ಪ್ರತ್ಯೇಕ ಟ್ರಸ್ಟನ್ನು ರಚಿಸಿ, ನೆಲ, ಕಟ್ಟಡ, ಠೇವಣಿ ಎಲ್ಲವನ್ನೂ ಅದಕ್ಕೆ ವಹಿಸಿಕೊಟ್ಟಿತು. ಅಕಾಡೆಮಿಯ ಅಧ್ಯಕ್ಷಪದವಿಯು ಮೂರು ಮೂರು ವರ್ಷಗಳಿಗೆ ಬದಲಾಗುವ ಪದ್ಧತಿ ಬಂದಿತು. ೧೯೭೪ರಲ್ಲಿ ಅಧ್ಯಕ್ಷರಾದ ಎಂ. ಜಿ. ಕೆ. ಮೆನನ್ ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರ ಉತ್ತರಾಧಿಕಾರಿಯಾಗಿದ್ದವರು. ಆ ಭಾಭಾ ಅವರೂ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನಲ್ಲಿ, ರಾಮನ್ನರ ವಿಭಾಗದಲ್ಲಿ, ಕೆಲಸ ಮಾಡಿದ್ದರು. ವಾಶಿಯ ಸೇತುವೆಯ ಮೇಲೆ ಗಾಡಿಯಲ್ಲಿ ಹೋಗುವ ನವಿ ಮುಂಬಯಿಯ ಮಕ್ಕಳು ಖಾಡಿಯಾಚೆ ಟ್ರಾಂಬೆಯ ಗುಡ್ಡವನ್ನು ಕಂಡಾಗ ಈ ಸಂಬಂಧವನ್ನೂ ನೆನೆಯಬಹುದು. ಅಲ್ಲಿಯ ಅಣುಸಂಶೋಧನ ಕೇಂದ್ರಕ್ಕೆ ಭಾಭಾ ಅವರದೇ ಹೆಸರು. ರಾಮನ್ನರ ಪ್ರೊಸೀಡಿಂಗ್ಸು ಈಗ ವಿಷಯವಾರಾಗಿ ಅನೇಕ ಪತ್ರಿಕೆಗಳಾಗಿ ಕವಲೊಡೆದಿದೆ.

ವಿದ್ಯಾರ್ಥಿಗಳೇ, ರಾಮನ್ನರ ಪ್ರತಿಭೆ ನಮ್ಮೆಲ್ಲರಿಗೂ ದೊರೆಯಲಾರದು. ಅದಕ್ಕಾಗಿ ದುಃಖಿಸಬೇಕಾಗಿಲ್ಲ. ಆದರೆ ಹೇಳಿದ ದಿನ ಸಭೆ ಕರೆಯುವುದು, ನಡಾವಳಿಯನ್ನು ಅಂದೇ ಬರೆದಿಡುವುದು, ನಾಲ್ಕಾಣೆಯಾದರೂ ಸರಿ ಲೆಕ್ಕವನ್ನು ಎಲ್ಲರ ಮುಂದಿಡುವುದು, ಗೋಡೆಪತ್ರಿಕೆಯನ್ನು ತಿಂಗಳು ತಪ್ಪದೆ ತೂಗುಹಾಕುವುದು ನಮ್ಮ ಕೈಯಲ್ಲಿದೆ. ಇವುಗಳಿಗೆ ಪ್ರತಿಭೆ ಬೇಡ, ನಿಷ್ಠೆ ಸಾಕು. ರಾಮನ್ನರು ಮಾಡಲಾರದೆ ಹೋದ ಒಂದನ್ನೂ ನಾವು ಮಾಡಬಹುದು: ನಮಗೆ ಎದುರು ಹೇಳುವವನನ್ನು ಮಂಡಲಿಯಿಂದ ಹೊರಗೆ ದೂಡದೆ, ಪಕ್ಕದಲ್ಲಿಯೇ ಕುಳ್ಳಿರಿಸಿಕೊಳ್ಳಬಹುದು. ಈ ವರ್ಷದ ನಡಾವಳಿ ಪುಸ್ತಕವು ದೀಪಾವಳಿಯನ್ನು ದಾಟಲಿ, ಪರೀಕ್ಷೆಯನ್ನೂ ದಾಟಲ��, ಹೊಸ ಕಾರ್ಯದರ್ಶಿಯ ಕೈಗೆ ಜೋಪಾನವಾಗಿ ಸೇರಲಿ ಎಂದು ನಾವು ಹಾರೈಸುತ್ತೇವೆ.